ಔಷಧದ ಬೆಲೆ ಮತ್ತು ಪ್ರಭುತ್ವದ ಹೊಣೆ



ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ತಿಂಗಳು ತಿಂಗಳೂ ತಪ್ಪದೆ ಮಾತ್ರೆ ಕೊಳ್ಳಬೇಕಾದ, ಪಿಂಚಣಿಯನ್ನೋ ಮಕ್ಕಳ ಸಂಪಾದನೆಯನ್ನೋ ನೆಚ್ಚಿಕೊಂಡ ಹಿರಿಯರು ನಮ್ಮ ಈ ದೀಪಾಂಜಲಿ ನಗರ ಬಡಾವಣೆಯ ಬೀದಿಬೀದಿಗಳಲ್ಲಿಯೂ ಇರುವುದರಿಂದ, ಔಷಧದ ಬೆಲೆಯನ್ನು ತಗ್ಗಿಸಲು ಪ್ರಭುತ್ವವು ಏನು ಮಾಡಬಲ್ಲುದೆಂಬ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಶಾಸನದ ಮೂಲಕ ಬೆಲೆಗೆ ಮಿತಿ ಹಾಕುವುದು ಎಲ್ಲರಿಗೂ ಮೊದಲು ತೋಚುವ ಮಾರ್ಗ. 1995ರ ಔಷಧ ಬೆಲೆ ನಿಯಂತ್ರಣ ಆದೇಶವು ತಯಾರಿಕೆಯ ವೆಚ್ಚವನ್ನು ಆಧರಿಸಿ ಬೆಲೆ ಕಟ್ಟುತ್ತಿದ್ದಿತು; 2013ರ ಆದೇಶವಾದರೋ, ಮಾರುಕಟ್ಟೆಯಲ್ಲಿ ಶೇಕಡಾ 1ರಷ್ಟಾದರೂ ಪಾಲುಳ್ಳ ಎಲ್ಲ ತಯಾರಕರೂ ಅಂಗಡಿಗೆ ಕೊಡುವ ದರಗಳ ಸರಾಸರಿಯನ್ನು ತೆಗೆದು, ಅದರ ಮೇಲೆ ಅಂಗಡಿಯವರಿಗೆ ಶೇಕಡಾ 16ನ್ನು ಕೂಡಿಸಿ, ಅದನ್ನೇ ಗರಿಷ್ಠ ಬೆಲೆಯೆಂದು ಸಾರುತ್ತದೆ. ದುಬಾರಿಯಾಗಿ ಮಾರುವವರ ದರವೂ ಈ ಸರಾಸರಿಯಲ್ಲಿ ಸೇರುವುದರಿಂದ, ಈ ಮಿತಿಯು ಅತಿರೇಕವನ್ನು ತಡೆಯುವುದೇ ಹೊರತು, ಬಡವನ ಕೈಗೆ ನಿಲುಕುವಷ್ಟು ಕೆಳಕ್ಕೆ ಬೆಲೆಯನ್ನು ತರಲಾರದೆಂದು ನನ್ನ ಭಾವನೆ.

ಇದಕ್ಕಿಂತ ಫಲಕಾರಿಯಾದ ಮಾರ್ಗವು ಪ್ರಭುತ್ವವೇ ಗ್ರಾಹಕನಾಗುವುದು. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಸ್ಥಾಪಿಸಿ, ರಾಜ್ಯದ ಸರ್ಕಾರೀ ಆಸ್ಪತ್ರೆಗಳಿಗೆ ಬೇಕಾದ ಔಷಧಗಳನ್ನು ಬ್ರ್ಯಾಂಡಿನ ಹೆಸರಿನಿಂದಲ್ಲದೆ ಮೂಲನಾಮದಿಂದಲೇ ಒಟ್ಟಾಗಿ ಕೊಳ್ಳಲಾರಂಭಿಸಿತು. ಜಿಲ್ಲೆಗಳಲ್ಲಿ ಉಗ್ರಾಣಗಳಾದುವು, ತನ್ನ ಪಾಲಿನ ಔಷಧವನ್ನು ಪಡೆಯಲು ಆಸ್ಪತ್ರೆಗೊಂದು ಪಾಸ್‌ಬುಕ್ಕು ದೊರೆಯಿತು, ಬಂದ ಸರಕಿನ ಮಾದರಿಗಳು ತಯಾರಕನ ಹೆಸರು ಮರೆಮಾಡಲ್ಪಟ್ಟು ಪರೀಕ್ಷಾಲಯಗಳಿಗೆ ಹೋದುವು. ಪ್ರಚಾರದ ವೆಚ್ಚವಾಗಲಿ, ಸಗಟು ಮತ್ತು ಚಿಲ್ಲರೆ ವರ್ತಕರ ಲಾಭಾಂಶವಾಗಲಿ ಇಲ್ಲದ ಈ ಖರೀದಿಯಲ್ಲಿ ಮಾತ್ರೆಯ ಬೆಲೆಯು ತಾನಾಗಿಯೇ ಕುಸಿಯುವುದು ಸಹಜ.

ನಮ್ಮಲ್ಲಿಯೂ ಅಂತಹ ಸಂಸ್ಥೆಯುಂಟು. ಇಲ್ಲಿಗೆ ದೂರವಲ್ಲದ ಮಾಗಡಿ ರಸ್ತೆಯ ಬೀದಿಯೊಂದರಲ್ಲಿ ನೆಲೆಸಿದ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವೇ ಅದು. ಆದರೆ ಅಗ್ಗವೆಂಬುದೊಂದೇ ಗುರಿಯಾಗಬಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಮೃತರಾಗಿ, ಅವರಿಗೆ ಏರಿಸಿದ್ದ, ಈ ನಿಗಮವೇ ಪೂರೈಸಿದ್ದ ಐ.ವಿ. ದ್ರಾವಣದ ಮೇಲೆ ಸಂಶಯ ಬಿದ್ದು, ಅದರ ಬಳಕೆಯನ್ನೇ ಸರ್ಕಾರವು ನಿಲ್ಲಿಸಬೇಕಾಯಿತು. ಆ ತಾಯಂದಿರನ್ನು ನೆನೆಯದೆ ಕಡಿಮೆ ದರದ ಟೆಂಡರನ್ನು ಕೊಂಡಾಡುವುದು ನನ್ನಿಂದಾಗದು. ಪರೀಕ್ಷೆಗೆ ತಗಲುವ ವೆಚ್ಚವೂ ಔಷಧದ ನಿಜವಾದ ಬೆಲೆಯ ಒಂದು ಅಂಗವೇ ಸರಿ.

ಅಗ್ಗದ ಔಷಧಕ್ಕೆ ಇನ್ನೊಂದು ಮಾರ್ಗವು, ಮೂಲನಾಮದ ಔಷಧಗಳನ್ನು ಕಡಿಮೆ ಬೆಲೆಗೆ ಮಾರುವ ಜನೌಷಧಿ ಕೇಂದ್ರಗಳು. 2025ರ ಮೇ ತಿಂಗಳಿನಲ್ಲಿ ಸರ್ಕಾರೀ ಆಸ್ಪತ್ರೆಗಳ ಆವರಣದಲ್ಲಿದ್ದ ಅಂತಹ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರವು ಆದೇಶಿಸಿತು. ಜುಲೈನಲ್ಲಿ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅದಕ್ಕೆ ತಡೆ ನೀಡಿತು. ಸರ್ಕಾರೀ ಆಸ್ಪತ್ರೆಯಲ್ಲಿ ಔಷಧವು ಉಚಿತವಾಗಿಯೇ ದೊರೆಯಬೇಕು, ಅಲ್ಲಿ ಮಾರಾಟಕ್ಕೇನು ಕೆಲಸವೆಂಬ ಸರ್ಕಾರದ ವಾದವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಒಳಗಿನ ಕಪಾಟು ಬರಿದಾಗಿದ್ದು, “ಇದು ನಮ್ಮಲ್ಲಿಲ್ಲ, ಹೊರಗಡೆ ತಗೊಳ್ಳಿ” ಎಂದು ಚೀಟಿ ಬರೆದುಕೊಡುವ ದಿನ, ಅಗ್ಗದ ಅಂಗಡಿಯೂ ಮುಚ್ಚಿದ್ದರೆ ರೋಗಿಯು ಗೇಟಿನಾಚೆಯ ದುಬಾರಿ ಅಂಗಡಿಗೇ ಹೋಗಬೇಕಷ್ಟೆ. ಕಪಾಟು ತುಂಬಿದ ಮೇಲೆ ಆ ಕೇಂದ್ರಗಳನ್ನು ಮುಚ್ಚುವ ಮಾತನಾಡೋಣ.

ಆದುದರಿಂದ ನಮ್ಮ ಬೇಡಿಕೆಯು ಸ್ಪಷ್ಟವಾಗಿರಲಿ: ಯಾವ ಉಗ್ರಾಣದಲ್ಲಿ ಯಾವ ಔಷಧ ಎಷ್ಟಿದೆ, ಯಾವ ಸರಕು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು, ಯಾವುದು ಸೋತಿತೆಂಬುದನ್ನು ನಿಗಮವು ಪ್ರತಿ ತಿಂಗಳೂ ಕನ್ನಡದಲ್ಲಿ ಪ್ರಕಟಿಸಿ, ಪ್ರತಿಯೊಂದು ಸರ್ಕಾರೀ ಆಸ್ಪತ್ರೆಯ ಬಾಗಿಲಲ್ಲಿಯೂ ಅಂಟಿಸತಕ್ಕದ್ದು. ಹೊರಗಡೆಗೆ ಬರೆದ ಚೀಟಿ ತಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ಅದರ ಪ್ರತಿಯನ್ನು ನಮ್ಮ ಈ ಸಂಘಕ್ಕೆ ತಂದುಕೊಡಿರಿ. ಅವೆಲ್ಲವನ್ನೂ ಕೂಡಿಸಿ ಮಾಗಡಿ ರಸ್ತೆಯ ನಿಗಮದ ಕಚೇರಿಗೆ ಒಯ್ದು ಕೊಡೋಣ.