ಎಂಜಿನ್ ಬದಲಿಸಿದ ಮೇಲೆ ಕೇಳಿಬರುವ 'ಟಿಕ್ ಟಿಕ್' ಶಬ್ದ
(ಹಿರೇಗುತ್ತಿಯ ರೈತರ ಮುಂದೆ ಮಾಡಿದ ಭಾಷಣ)



ಗಜನಿಯ ಕಗ್ಗ ಭತ್ತ ಕೊಯ್ಲಾದ ಮೇಲೆ ಮನೆ ಸೇರಬೇಕಾದರೂ, ತೆಂಗಿನಕಾಯಿ ಪೇಟೆ ಮುಟ್ಟಬೇಕಾದರೂ ಲಾರಿ ಬೇಕು. ಎಂಜಿನ್ ಕೆಟ್ಟರೆ ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಬೇರೆ ಗಾಡಿಯಿಂದ ಇಳಿಸಿದ ಹಳೆಯ ಎಂಜಿನ್ನನ್ನು ಕೂರಿಸಿಕೊಳ್ಳುತ್ತಾರೆ. ಇದು ತಪ್ಪೇನಲ್ಲ. ಆದರೆ ಗಾಡಿ ಚಾಲೂ ಮಾಡಿದೊಡನೆ 'ಟಿಕ್ ಟಿಕ್' ಎಂಬ ಶಬ್ದ ಕೇಳಿದರೆ ಮಾಲೀಕರ ಎದೆಯೂ ಹಾಗೆಯೇ ಬಡಿದುಕೊಳ್ಳುತ್ತದೆ.

ಈ ಭಾಗದ ರೈತರೊಬ್ಬರಿಗೆ ಹೀಗೆಯೇ ಆಯಿತು. ಕೂರಿಸಿದ ಎಂಜಿನ್ನನ್ನು ಮತ್ತೆ ಇಳಿಸಿ ಪೂರ್ತಿ ಬಿಚ್ಚಬೇಕೆಂದು ಅವರಿಗೆ ಸಲಹೆ ಬಂದಿತ್ತು. ಕೊಯ್ಲು ಹತ್ತಿರ ಬಂದಿತ್ತು, ಕೈಯಲ್ಲಿದ್ದ ಹಣ ಎಂಜಿನ್ನಿಗೇ ಮುಗಿದಿತ್ತು. ಇಂಥ ಸಮಯದಲ್ಲಿ ಬಿಚ್ಚುವುದಕ್ಕೆ ಮೊದಲು ಏನೇನು ನೋಡಬೇಕು ಎಂಬುದನ್ನು ತಿಳಿಸುತ್ತೇನೆ.

ಮೊದಲು ಆಯಿಲ್: ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ನೋಡಿರಿ. ಚಾಲೂ ಆದ ಮೇಲೂ ಆಯಿಲ್ ದೀಪ ಆರದಿದ್ದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿರಿ. ಆಯಿಲ್ ಒತ್ತಡವಿಲ್ಲದೆ ಓಡಿಸಿದರೆ ಸಣ್ಣ ಶಬ್ದ ದೊಡ್ಡ ನಷ್ಟವಾಗುತ್ತದೆ.

ಶಬ್ದದ ಜಾಗ: ಉದ್ದನೆಯ ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ ತಾಗಿಸಿ, ಇನ್ನೊಂದು ತುದಿಯನ್ನು ಕಿವಿಯ ಬಳಿ ಹಿಡಿದು ಕೇಳಿರಿ. ಬೆಲ್ಟು, ಫ್ಯಾನುಗಳಿಂದ ದೂರವಿರಬೇಕು; ಹೆಗಲ ಮೇಲಿನ ಟವೆಲ್ ತೆಗೆದಿಡಬೇಕು. ಮೇಲಿನ ಮುಚ್ಚಳದಲ್ಲಿ ಶಬ್ದ ಜೋರಾಗಿದ್ದರೆ ಟ್ಯಾಪೆಟ್ಟಿನ ಕಡೆ, ಪಕ್ಕದಲ್ಲಿದ್ದರೆ ಹೊಗೆ ಹೋಗುವ ಮ್ಯಾನಿಫೋಲ್ಡಿನ ಕಡೆ ಗಮನ ಕೊಡಿರಿ. ಹಿಂಭಾಗದಲ್ಲಿದ್ದು, ಕ್ಲಚ್ ತುಳಿದಾಗ ಬದಲಾದರೆ ಕ್ಲಚ್ ಮತ್ತು ಫ್ಲೈವೀಲ್ ಬೋಲ್ಟುಗಳನ್ನು ಪರೀಕ್ಷಿಸಬೇಕು.

ಶಬ್ದದ ವೇಗ: ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಆಗ ಫ್ಲೈವೀಲ್ ಸೆಕೆಂಡಿಗೆ 10 ಸುತ್ತು ಹಾಕುತ್ತದೆ. ಒಂದೊಂದು ವಾಲ್ವು ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 5 ಬಾರಿ ಮಾತ್ರ ತೆರೆಯುತ್ತದೆ. ಮೊಬೈಲಿನಲ್ಲಿ ಶಬ್ದ ಮುದ್ರಿಸಿ ನಿಧಾನವಾಗಿ ಕೇಳಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಆದರೆ ಒಂದೇ ಸಿಲಿಂಡರಿನ ಹೊಗೆ ಸೋರಿದರೂ ಶಬ್ದ ಎರಡು ಸುತ್ತಿಗೊಮ್ಮೆಯೇ ಬರುತ್ತದೆ. ಆದ್ದರಿಂದ ಇದೊಂದನ್ನೇ ನಂಬಿ ಟ್ಯಾಪೆಟ್ಟಿಗೆ ಕೈ ಹಾಕಬಾರದು.

ಶಬ್ದದ ಹೊತ್ತು: ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಜೋರಾಗಿದ್ದು, ಬಿಸಿಯಾದಂತೆ ಕಡಿಮೆಯಾದರೆ ಹೊಗೆಯ ಸೋರಿಕೆ ಇರುವ ಸಂಭವ ಹೆಚ್ಚು. ಜೋಡಣೆಯ ಬಳಿ ಕಪ್ಪು ಮಸಿ ಹುಡುಕಿರಿ. ತಣ್ಣಗಿರುವಾಗಲೇ ಸೋಪಿನ ನೀರು ಬಿಟ್ಟರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಈ ಪರೀಕ್ಷೆಯನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಹೊಗೆ ಪ್ರಾಣಕ್ಕೆ ಅಪಾಯ.

ಸಿಲಿಂಡರ್ ಪರೀಕ್ಷೆ: ಹಳೆಯ ಮಾದರಿಯ ಡೀಸೆಲ್ ಪಂಪಿನ ಎಂಜಿನ್ನುಗಳಲ್ಲಿ ಮೆಕ್ಯಾನಿಕ್ ಒಂದೊಂದೇ ನಾಜಲಿನ ಪೈಪು ಸಡಿಲಿಸಿ ನೋಡುತ್ತಾರೆ. ಶಬ್ದ ತಗ್ಗಿದರೆ ಆ ಸಿಲಿಂಡರಿನ ಸೋರಿಕೆ, ನಾಜಲ್ ಅಥವಾ ಬೇರಿಂಗಿನ ದೋಷವಿರಬಹುದು. ತಗ್ಗದಿದ್ದರೆ ಟ್ಯಾಪೆಟ್ ನೋಡಬೇಕು. ಇಂದಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇದನ್ನು ಎಂದಿಗೂ ಮಾಡಕೂಡದು. ಅಲ್ಲಿನ ಡೀಸೆಲ್ ಒತ್ತಡ 1000 ಬಾರ್ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನೇ ತೂರುತ್ತದೆ.

ಟ್ಯಾಪೆಟ್ ಸಂದು: ಸಂದಿನ ಅಳತೆಯನ್ನು ಲಾರಿಯ ಪುಸ್ತಕದಿಂದಲ್ಲ, ಈಗ ಕೂರಿಸಿರುವ ಎಂಜಿನ್ನಿನ ಪುಸ್ತಕದಿಂದ ತೆಗೆದುಕೊಂಡು ಫೀಲರ್ ಗೇಜಿನಿಂದ ಹೊಂದಿಸಬೇಕು. ಶಬ್ದ ನಿಲ್ಲಲೆಂದು ಹೆಚ್ಚು ಬಿಗಿ ಮಾಡಿದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಮೇಲೆ ಹೇಳಿದ ರೈತರ ಲಾರಿಯಲ್ಲಿ ಶಬ್ದ ಬೆಳಗಿನ ಹೊತ್ತು ಜೋರಾಗಿದ್ದು, ಬಿಸಿಯಾದ ಮೇಲೆ ಅಡಗುತ್ತಿತ್ತು. ಮೂರನೆಯ ಸಿಲಿಂಡರಿನ ಬಳಿ ಮಸಿ ಕಂಡಿತು. ಬಿಚ್ಚಿದಾಗ ಹಳೆಯ ಪ್ಯಾಕಿಂಗನ್ನೇ ಮತ್ತೆ ಹಾಕಿದ್ದು ತಿಳಿಯಿತು. ಕರಾವಳಿಯ ಉಪ್ಪುಗಾಳಿಗೆ ಎರಡು ಸ್ಟಡ್ಡುಗಳೂ ತುಕ್ಕು ಹಿಡಿದಿದ್ದವು. ಹೊಸ ಪ್ಯಾಕಿಂಗ್, ಹೊಸ ಸ್ಟಡ್ಡು ಹಾಕಿದೊಡನೆ ಶಬ್ದ ನಿಂತಿತು. ಎಂಜಿನ್ ಇಳಿಸುವ ಪ್ರಮೇಯವೇ ಬರಲಿಲ್ಲ.

ಎಲ್ಲ ಶಬ್ದವೂ ಇಷ್ಟು ಸುಲಭದ್ದಲ್ಲ. ಭಾರ ಎಳೆಯುವಾಗ ಕೆಳಗಿನಿಂದ ದಪ್ಪನೆಯ 'ಟಕ್ ಟಕ್' ಬಂದರೆ ಬೇರಿಂಗ್ ಸವೆದಿರಬಹುದು. ಆಗ ಗಾಡಿ ಓಡಿಸದೆ ಎಂಜಿನ್ ಬಿಚ್ಚಿಸುವುದೇ ಉಳಿತಾಯ.

ಕೊನೆಯದಾಗಿ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡುಗಳಿಗೆ ಸಂಬಂಧಿಸಿದ್ದು. ಆದ್ದರಿಂದ ಎಂಜಿನ್ ಬದಲಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಹೊಸ ಎಂಜಿನ್ ನಂಬರನ್ನು ಆರ್.ಸಿ. ಪುಸ್ತಕದಲ್ಲಿ ಬರೆಸಿಕೊಳ್ಳಿರಿ. ಇಲ್ಲವಾದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತೊಡಕಾಗಬಹುದು.

ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಪಾನಾ. ಈ ಕ್ರಮ ತಪ್ಪದಿದ್ದರೆ ಹಣವೂ ಉಳಿಯುತ್ತದೆ, ಕೊಯ್ಲಿನ ಕೆಲಸವೂ ನಿಲ್ಲುವುದಿಲ್ಲ.