ಮಹಾಜನರ ಊರುಗಳಲ್ಲಿ ಕನ್ನಡ ಸಂಘದ ಕೆಲಸ



ರಾಜ್ಯೋತ್ಸವದ ವೇದಿಕೆಯ ಭಾಷಣವು ಕದಂಬರಿಂದ ಆರಂಭವಾಗಿ ಏಕೀಕರಣದಲ್ಲಿ ಮುಗಿಯುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಮೀರಲು ತಮ್ಮ ಅನುಮತಿಯನ್ನು ಕೋರುತ್ತೇನೆ. ಕೇಂದ್ರ ಸರ್ಕಾರದ ಸೇವೆಯ ನಿಮಿತ್ತ ಅಹಮದಾಬಾದು, ಸೂರತ್, ಈಗ ವಡೋದರಾ ಎಂದು ಮೂರು ನಗರಗಳ ನೀರು ಕುಡಿದವನು ನಾನು. ಈ ಊರುಗಳು ತಮ್ಮ ಏಳಿಗೆಯನ್ನು ಕಟ್ಟಿಕೊಂಡ ಬಗೆಯ ಬಗ್ಗೆಯೂ, ಅದರಲ್ಲಿ ನಮ್ಮ ಪಾಲು ಏನೆಂಬುದರ ಬಗ್ಗೆಯೂ ಕೆಲವು ಮಾತುಗಳನ್ನು ಆಡಬೇಕಾಗಿದೆ.

ಗುಜರಾತಿಗಳಿಗೆ ವ್ಯಾಪಾರವು ರಕ್ತಗತವಾದುದೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇದು ಸೋಮಾರಿಯ ವಿವರಣೆ. ಇಲ್ಲಿನ ವರ್ತಕರು ಶತಮಾನಗಳ ಹಿಂದೆಯೇ ‘ಮಹಾಜನ’ ಎಂಬ ಸಂಘಗಳನ್ನು ಕಟ್ಟಿಕೊಂಡು ವ್ಯಾಜ್ಯಗಳನ್ನು ತೀರಿಸಿಕೊಂಡರು, ಪಾಂಜ್ರಾಪೋಳಗಳನ್ನು ನಡೆಸಿದರು. 1918ರ ಗಿರಣಿ ಮುಷ್ಕರದ ನಂತರ, 1920ರಲ್ಲಿ, ಗಾಂಧೀಜಿ ಹಾಗೂ ಅನಸೂಯಾ ಸಾರಾಭಾಯಿಯವರ ನೇತೃತ್ವದಲ್ಲಿ ಕಾರ್ಮಿಕರು ಸಂಘಟಿತರಾದಾಗ ವರ್ತಕರ ಆ ಹೆಸರನ್ನೇ ತಮ್ಮದಾಗಿಸಿಕೊಂಡು ‘ಮಜೂರ್ ಮಹಾಜನ’ ಎಂದು ಕರೆದುಕೊಂಡರು. ಆ ಸಂಘದ ಮಹಿಳಾ ವಿಭಾಗದ ಒಡಲಿನಿಂದಲೇ 1972ರಲ್ಲಿ ಇಳಾ ಭಟ್ಟರ ‘ಸೇವಾ’ ಹುಟ್ಟಿತು.

1974ರಲ್ಲಿ ಸುಮಾರು 4000 ಹೆಂಗಸರು, ತರಕಾರಿ ಮಾರುವವರು, ತಲೆಹೊರೆಯವರು, ತಲಾ 10 ರೂಪಾಯಿ ಪಾಲು ಹಾಕಿ ಸೇವಾ ಬ್ಯಾಂಕನ್ನು ತೆರೆದರು. ಸಹಿ ಮಾಡಲು ಬಾರದವರು ಬ್ಯಾಂಕು ನಡೆಸುವುದು ಹೇಗೆಂಬ ಆಕ್ಷೇಪಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಪಾಸ್ ಪುಸ್ತಕಕ್ಕೆ ಭಾವಚಿತ್ರವನ್ನು ಅಂಟಿಸುವುದು. ಕಡತಗಳ ನಡುವೆ ತಲೆ ನರೆತ ನನ್ನಂಥವನಿಗೆ ಇಂಥ ಪರಿಹಾರಗಳು ಅಸೂಯೆಯನ್ನು ಹುಟ್ಟಿಸುತ್ತವೆ.

ಈ ಕಥೆ ನಮಗೆ ಹೊಸದೇನೂ ಅಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದ್ದು 1905ರಲ್ಲಿ. 1925ರಲ್ಲಿ ಉಡುಪಿಯಲ್ಲಿ ನೇಕಾರರ ಕಷ್ಟವನ್ನು ಕಂಡು ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸಿತು. ಬಡವನು ಉಳಿಸಬಲ್ಲನೆಂಬ ನಂಬಿಕೆ ಉಡುಪಿಗೂ ಅಹಮದಾಬಾದಿಗೂ ಸಮಾನವಾದುದು. ಇನ್ನೂ ಸೋಜಿಗದ ಸಂಗತಿಯೊಂದಿದೆ. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರು ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ಸಯಾಜಿರಾವ್ ಮಹಾರಾಜರು 1908ರಲ್ಲಿ ಇದೇ ಊರಿನಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನಮ್ಮ ಕರಾವಳಿಯ ಹಿರಿಯರ ಉಳಿತಾಯ ನಮಗಿಂತ ಗಟ್ಟಿಯಾಗಿ ಗುಜರಾತಿನೊಡನೆ ಬೆರೆತುಹೋಗಿದೆ. ಈ ವಿಲೀನದಿಂದ ನೊಂದ ಮಿತ್ರರು ಈ ಸಭೆಯಲ್ಲಿಯೂ ಇದ್ದಾರೆಂದು ಬಲ್ಲೆ. ಅವರ ನೋವು ನ್ಯಾಯವಾದದ್ದೇ.

ಇನ್ನು ಪಾಲುದಾರಿಕೆಯ ಮಾತು. 1995ರಲ್ಲಿ ಅಹಮದಾಬಾದು ಮಹಾನಗರಪಾಲಿಕೆ ‘ಪರಿವರ್ತನ’ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಕೊಳೆಗೇರಿಯ ಪ್ರತಿ ಮನೆಗೂ ನೀರು, ಶೌಚಾಲಯ, ಒಳಚರಂಡಿ. ಓಣಿಗೆ ರಸ್ತೆ, ದೀಪ. ಮನೆಯವರು 2000 ರೂಪಾಯಿ ಹಾಕಬೇಕು, ಉದ್ಯಮವೊಂದು ಅಷ್ಟನ್ನೇ ಸೇರಿಸಬೇಕು, ಉಳಿದುದನ್ನು ಪಾಲಿಕೆ ಭರಿಸಬೇಕು. ಕೈಯಲ್ಲಿ ಹಣವಿಲ್ಲದವರಿಗೆ ಸೇವಾ ಬ್ಯಾಂಕು ಸಾಲ ಕೊಟ್ಟಿತು. ಸಂಜಯನಗರದಲ್ಲಿ ನಡೆದ ಮೊದಲ ಪ್ರಯೋಗಕ್ಕೆ ಅರವಿಂದ್ ಮಿಲ್ಲಿನ ಶಾರದಾ ಟ್ರಸ್ಟು ಕೈಜೋಡಿಸಿತು. ಪಾಲಿಕೆಯು ಇನ್ನೊಂದು ಭರವಸೆಯನ್ನೂ ನೀಡಿತ್ತು: ಹತ್ತು ವರ್ಷಗಳ ಕಾಲ ಯಾರನ್ನೂ ಎಬ್ಬಿಸುವುದಿಲ್ಲ. ನನ್ನ ತಿಳಿವಿನಂತೆ ಕೊಳವೆಗಳಿಗಿಂತ ಹೆಚ್ಚಿನ ಕೆಲಸ ಮಾಡಿದ್ದು ಈ ಮಾತೇ. ನಾಳೆ ಇಲ್ಲಿರುವೆನೋ ಇಲ್ಲವೋ ಎಂಬ ಅಂಜಿಕೆಯಲ್ಲಿರುವವನು ಇಟ್ಟಿಗೆಗೆ ಹಣ ಹಾಕುವುದಿಲ್ಲ. ಮೊದಲ ಪ್ರಯೋಗದ ಬಳಿಕ ಆ ಟ್ರಸ್ಟು ಹಿಂದೆ ಸರಿಯಿತೆಂಬುದನ್ನೂ ಹೇಳಬೇಕು. ಉದ್ಯಮದ ವೇಗಕ್ಕೂ ಕಚೇರಿಯ ವೇಗಕ್ಕೂ ಹೊಂದಾಣಿಕೆ ಸುಲಭವಲ್ಲ. ಆದರೂ ಯೋಜನೆ ನಿಲ್ಲಲಿಲ್ಲ, ಪಾಲಿಕೆಯೂ ಸ್ವಯಂಸೇವಾ ಸಂಸ್ಥೆಗಳೂ ಅದನ್ನು ಬೇರೆ ಕೇರಿಗಳಿಗೆ ಕೊಂಡೊಯ್ದವು.

ವಡೋದರಾ ಇದಕ್ಕಿಂತ ಮೂರು ದಶಕ ಮುಂಚಿತವಾಗಿಯೇ ಇಂಥ ಹಾದಿಯನ್ನು ತುಳಿದಿತ್ತು. 1966ರಲ್ಲಿ ಇಲ್ಲಿನ ಉದ್ಯಮಿಗಳ ಒಕ್ಕೂಟ, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ, ನಗರಾಡಳಿತ ಒಟ್ಟುಗೂಡಿ, ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆಯೊಂದರ ನೆರವಿನಿಂದ, ಬರೋಡಾ ಸಿಟಿಜನ್ಸ್ ಕೌನ್ಸಿಲನ್ನು ಹುಟ್ಟುಹಾಕಿದವು. ಹಣ ಒಬ್ಬರದು, ಅರಿವು ಇನ್ನೊಬ್ಬರದು, ಅಧಿಕಾರ ಮತ್ತೊಬ್ಬರದು. ನವರಾತ್ರಿಯಲ್ಲಿ ನಮ್ಮ ಮಕ್ಕಳು ಕುಣಿಯಲು ಹೋಗುವ ಯುನೈಟೆಡ್ ವೇಯ ಗರ್ಬಾದ ಆದಾಯವೂ ಸೇವಾಕಾರ್ಯಗಳಿಗೆ ಹೋಗುತ್ತದೆ. ನಾವು ಟಿಕೆಟು ಕೊಳ್ಳುತ್ತೇವೆ. ಅಲ್ಲಿಗೆ ನಮ್ಮ ಸಂಬಂಧ ಮುಗಿಯುತ್ತದೆ. ಸೂರತ್ತಿನ ಬಗ್ಗೆ ಹೆಚ್ಚು ಹೇಳಲಾರೆ: 1994ರ ಪ್ಲೇಗಿನ ಬಳಿಕ ಆ ಊರು ಕಸ ಗುಡಿಸುವುದನ್ನು ಕಲಿತ ಕಥೆ ತಮಗೆಲ್ಲ ತಿಳಿದದ್ದೇ.

ಈಗ ನಮ್ಮ ವಿಚಾರ. ಸಂಘದಲ್ಲಿ ಬ್ಯಾಂಕಿನವರಿದ್ದೇವೆ, ಹೋಟೆಲಿನವರಿದ್ದೇವೆ, ಕಾರ್ಖಾನೆಗಳ ಇಂಜಿನಿಯರುಗಳಿದ್ದೇವೆ. ಕಟ್ಟಡ ಕೆಲಸಕ್ಕೆ ಬರುವ ಉತ್ತರ ಕರ್ನಾಟಕದ ಕುಟುಂಬಗಳು ಮಾತ್ರ ನಮ್ಮ ಸದಸ್ಯರ ಪಟ್ಟಿಯಲ್ಲಿಲ್ಲ. ಅವರು ಆಡುವುದೂ ಕನ್ನಡವೇ. 1996ರ ಕಾಯ್ದೆಯ ಫಲವಾಗಿ ಕಟ್ಟಡ ಕಾರ್ಮಿಕರಿಗೆ ರಾಜ್ಯ ರಾಜ್ಯಗಳಲ್ಲಿ ಕಲ್ಯಾಣ ಮಂಡಳಿಗಳು ಬಂದವು; ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವರು ನೋಂದಾಯಿಸಿಕೊಳ್ಳಬಹುದು. ಕರ್ನಾಟಕದ ಪಡಿತರ ಚೀಟಿಯ ಮೇಲೆ ಇಲ್ಲಿಯೂ ಧಾನ್ಯ ಪಡೆಯಬಹುದು. ಸೌಲಭ್ಯವಿದೆ, ಆದರೆ ಅದರ ಸೂಚನೆಗಳು ಗುಜರಾತಿಯಲ್ಲಿವೆ.

ನಮ್ಮ ಸಂಘದ ಬಂಡವಾಳ ಇರುವುದು ಇಲ್ಲಿಯೇ. ಹಿರಿಯರಿಗೆ ಕನ್ನಡ ಓದಲು ಬರುತ್ತದೆ, ಗುಜರಾತಿ ಬರೆಯಲು ಬಾರದು. ಇಲ್ಲಿಯೇ ಶಾಲೆ ಕಲಿತ ನಮ್ಮ ಮಕ್ಕಳಿಗೆ ಗುಜರಾತಿ ಬರೆಯಲು ಬರುತ್ತದೆ, ಕನ್ನಡ ಮಾತನಾಡಲು ಮಾತ್ರ ಬರುತ್ತದೆ. ಇಬ್ಬರೂ ಒಂದು ಮೇಜಿನ ಎರಡು ಬದಿಗೆ ಕುಳಿತರೆ ಒಂದು ಅರ್ಜಿ ತುಂಬುತ್ತದೆ. ಕಟ್ಟಡ ನಿಧಿಯ ಬಡ್ಡಿಯಲ್ಲಿ ಒಂದು ಭಾಗವನ್ನು ಇದಕ್ಕಾಗಿ ಮೀಸಲಿಟ್ಟು, ಈ ನಗರದಲ್ಲಿ ಕಾರ್ಮಿಕರ ನಡುವೆ ದುಡಿಯುತ್ತಿರುವ ಯಾವುದಾದರೊಂದು ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಳ್ಳಬೇಕೆಂಬುದು ನನ್ನ ಸೂಚನೆ. ಸ್ವಂತ ಭವನ ಮೊದಲು ಆಗಲಿ ಎನ್ನುವವರ ವಾದವನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ.

ಪ್ರಸ್ತಾಪವನ್ನು ಲಿಖಿತವಾಗಿ ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ. ಕಾರ್ಯಕಾರಿ ಸಮಿತಿ ನಿರ್ಧರಿಸುವ ತನಕ ಭಾನುವಾರಗಳಂದು ಎರಡು ಗಂಟೆಯ ಕಾಲ ಸಂಘದ ಕೊಠಡಿಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ದೊರೆತರೆ ಸಾಕು. ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ನಾನೇ ತರುತ್ತೇನೆ.