ಪಟ್ಟಣ ಬೆಳೆಸಿದ ದಾರಿ, ಗುಡ್ಡ ಕೇಳುವ ಲೆಕ್ಕ



ನಗರಗಳು ತಾವಾಗಿಯೇ ಬೆಳೆಯುವುದಿಲ್ಲ. ಧಾನ್ಯ, ಮರ, ಕಲ್ಲುಗಳನ್ನು ದೂರದಿಂದ ತರುವ ಸಾರಿಗೆ, ಹೆಚ್ಚು ಜನರನ್ನು ಒಂದೆಡೆ ನೆಲೆಗೊಳಿಸುವ ಕಟ್ಟಡ ತಂತ್ರ, ಇವೆರಡೂ ಕೂಡಿದಲ್ಲಿ ಊರು ಪಟ್ಟಣವಾಗುತ್ತದೆ. ಇದಕ್ಕೆ ಲಂಡನ್, ಮುಂಬಯಿಗಳ ಉದಾಹರಣೆ ಬೇಕಿಲ್ಲ. ನಮ್ಮ ಕಾರವಾರವೇ ಸಾಕು.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ಕಾರವಾರ ಜಿಲ್ಲಾ ಕೇಂದ್ರವಾಯಿತು. ಅಮೆರಿಕೆಯ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಬಂದಿತು. ಅದು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕಾರವಾರದಲ್ಲಿ ಹಡಗೇರಬೇಕೆಂಬ ಆಸೆಯಿಂದ ಪಟ್ಟಣ ಚಿಗುರಿತು. ಆದರೆ 1880ರ ದಶಕದಲ್ಲಿ ರೈಲು ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮುರಗಾಂವಿಗೆ ಇಳಿಯಿತು. ಸರಕೂ ಅದರ ಹಿಂದೆಯೇ ಹೋಯಿತು. ಕಡಲು ಅದೇ, ಬಂದರು ಅದೇ. ದಾರಿ ಮಾತ್ರ ಬೇರೆಯಾಗಿತ್ತು. ಕೊಂಕಣ ರೈಲ್ವೆಯ ಪೂರ್ಣ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ.

ಕಟ್ಟಡದ ಕಥೆಯೂ ಇಂಥದೇ. ಮೊದಲು ಮಣ್ಣಿನ ಗೋಡೆ, ಸೋಗೆಯ ಮಾಡು. ಎಲ್ಲವೂ ಊರಿನ ಸುತ್ತಲಿನದೇ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಕರಾವಳಿಯುದ್ದಕ್ಕೂ ಹರಡಿತು. ಬೆಂಕಿಯ ಭಯ ತಗ್ಗಿತು, ಮನೆಗಳು ಒತ್ತೊತ್ತಾಗಿ ನಿಂತವು. ಅನಂತರ ಕಬ್ಬಿಣದ ಸರಳು, ಸಿಮೆಂಟುಗಳ ಕಾಂಕ್ರೀಟು ಮಹಡಿಯ ಮೇಲೆ ಮಹಡಿ ಏರಿಸಿತು. ಆದರೆ ಅದರ ಮರಳು ನದಿಯಿಂದ, ಜಲ್ಲಿ ಗುಡ್ಡದಿಂದ ಬರಬೇಕು. ಪಟ್ಟಣದ ಖರ್ಚು ಗುಡ್ಡದ ಲೆಕ್ಕದಲ್ಲಿ ಬೀಳುವುದು ಹೀಗೆ.

2024ರಲ್ಲಿ ಆ ಲೆಕ್ಕ ನಮ್ಮ ಕಣ್ಣೆದುರೇ ಬಂದು ನಿಂತಿತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿ ಬುಡ ಕಡಿದಿದ್ದ ಗುಡ್ಡವು ಭಾರಿ ಮಳೆಗೆ ಕುಸಿದು, ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದಿತು. ರಸ್ತೆಬದಿಯ ಚಹಾದಂಗಡಿಯಲ್ಲಿದ್ದವರು, ಲಾರಿಯವರು ಪ್ರಾಣ ತೆತ್ತರು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಮೂರು ವಾರ ಕಳೆದೊಡನೆ, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕ ಬದುಕುಳಿದದ್ದು ಪುಣ್ಯ.

ಮಣ್ಣಿನ ವಿಜ್ಞಾನ ಹೇಳುವುದು ಸರಳ. ಗುಡ್ಡದ ಭಾರವನ್ನು ಅದರ ಬುಡ ಹೊತ್ತಿರುತ್ತದೆ. ಮೇಲಿನ ಜಂಬಿಟ್ಟಿಗೆ ಮಳೆನೀರನ್ನು ಒಳಗೆ ಬಿಡುತ್ತದೆ. ಅಡಿಯಲ್ಲಿ ಜೇಡಿ ಪದರವಿದ್ದರೆ ಅದು ತಡೆಯುತ್ತದೆ. ನಿಂತ ನೀರಿನ ಒತ್ತಡಕ್ಕೆ ಮಣ್ಣಿನ ಕಣಗಳ ಹಿಡಿತ ಸಡಿಲುತ್ತದೆ. ಬುಡ ಕಡಿದು ನೆಟ್ಟಗೆ ನಿಲ್ಲಿಸಿದ ಗುಡ್ಡಕ್ಕೆ ಆಗ ಆಧಾರವಿರದು. ತಡೆಗೋಡೆ ಕಟ್ಟಿದರೂ ನೀರಿಗೆ ದಾರಿ ಬಿಡದಿದ್ದರೆ ಗೋಡೆಯೂ ಉಳಿಯದು.

ರಸ್ತೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಗುಡ್ಡದ ಮಗ್ಗುಲಲ್ಲೇ ವಾಸಿಸುವ ನನಗೆ ಆಸ್ಪತ್ರೆಯ ದಾರಿಯ ಬೆಲೆ ತಿಳಿದಿದೆ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಂಕೋಲೆಯ ಕರಿ ಈಶಾಡು ಮಾವು ಕೆಡುವ ಮುನ್ನ ಸಂತೆ ತಲುಪಲೂ ದಾರಿಯೇ ಬೇಕು. ನಾನು ಕೇಳುವುದಿಷ್ಟೇ: ರಸ್ತೆಯ ಅಂದಾಜುಪಟ್ಟಿಯಲ್ಲಿ ಡಾಂಬರು, ಸಿಮೆಂಟುಗಳ ಜೊತೆಗೆ ಇಳಿಜಾರಿನ ರಕ್ಷಣೆ, ನೀರಿನ ಹರಿವು, ಸೇತುವೆಯ ಕಾಲಕಾಲದ ತಪಾಸಣೆ ಮೊದಲೇ ಸೇರಲಿ.

ನಾವೂ ಸುಮ್ಮನಿರಬಾರದು. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ, ಎಂದೂ ಇಲ್ಲದಲ್ಲಿ ಒಸರುವ ಕೆಸರುನೀರು ಕಂಡರೆ ಮೊದಲು ಅಲ್ಲಿಂದ ದೂರ ಸರಿಯಿರಿ. ಬಳಿಕ ದಿನಾಂಕಸಹಿತ ಬರೆದು ಪಂಚಾಯತಿಗೆ ಕೊಡಿರಿ. ವಿದ್ಯಾರ್ಥಿಗಳು ಶಾಲೆಯಲ್ಲಿ ಮಳೆಮಾಪಕವಿಟ್ಟು ನಿತ್ಯದ ಮಳೆಯನ್ನು ದಾಖಲಿಸಲಿ. ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲೂ ಅಂಥದೊಂದು ದಾಖಲೆ ಪುಸ್ತಕವಿರಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.